ಪೆನ್ಷನ್ ಆದ ಮೇಲೆ ಕೊಡಗಿನಲ್ಲಿ ವಾರ ಹೇಗೆ ಹೋಗುತ್ತೆ? ಇಲ್ಲಿರೋರು ಬರೀರಿ

ಸಂತೆಚೀಲ (ಮಡಿಕೇರಿ), ಭಾನುವಾರ ಬೆಳಿಗ್ಗೆ

ಅಂಚೆ ಇಲಾಖೆಯಿಂದ ನಿವೃತ್ತನಾಗಿ ಮಡಿಕೇರಿಯಲ್ಲೇ ಇದ್ದೇನೆ. ಬೆಂಗಳೂರಿನ ನೆಂಟರು ಫೋನ್ ಮಾಡಿದಾಗಲೆಲ್ಲ ಕೇಳೋದು ಒಂದೇ ಪ್ರಶ್ನೆ: "ಅಲ್ಲಿ ಹೊತ್ತು ಹೇಗೆ ಹೋಗುತ್ತೆ ಮಾರಾಯ?" ಅವರ ತಲೆಯಲ್ಲಿ ಮಡಿಕೇರಿ ಅಂದ್ರೆ ಮಂಜು, ರಾಜಾಸೀಟು, ಜಗಲಿ ಮೇಲೆ ಕಾಫಿ ಹಿಡ್ಕೊಂಡು ಕೂರೋದು. ಹಾಗೆ ಕೂತವರು ನನಗೆ ಗೊತ್ತಿರೋರಲ್ಲಿ ಯಾರೂ ಇಲ್ಲ. ಕೂತರೆ ಎರಡು ತಿಂಗಳಲ್ಲಿ ತಲೆ ಕೆಡುತ್ತೆ.

ನಮ್ಮ ವಾರ ಶುರುವಾಗೋದು ಸೋಮವಾರ. ಯಾಕಂದ್ರೆ ಶನಿವಾರ, ಭಾನುವಾರ ಊರು ನಮ್ಮದಲ್ಲ. ಪ್ರವಾಸಿಗರ ಗಾಡಿ ಸಾಲುಗಟ್ಟಿ ನಿಂತಿರುತ್ತೆ, ಜನರಲ್ ತಿಮ್ಮಯ್ಯ ವೃತ್ತ ದಾಟೋಕೂ ಆಗಲ್ಲ. ಆ ಎರಡು ದಿನ ನಾವು ಮನೆಯಲ್ಲೇ. ನೌಕರಿಯಲ್ಲಿದ್ದಾಗ ವಾರವಿಡೀ ದುಡಿದು ಶನಿವಾರ ಹೊರಗೆ ಹೋಗ್ತಿದ್ವಿ, ಈಗ ಪೂರಾ ತಿರುವುಮುರುವು.

ಸೋಮವಾರ ಬ್ಯಾಂಕು, ಕರೆಂಟು ಬಿಲ್ಲು, ಔಷಧಿ. ಮಂಗಳವಾರ, ಬುಧವಾರ ಹೇಳಿಕೊಳ್ಳುವಂಥದ್ದೇನಿಲ್ಲ. ಬೆಳಿಗ್ಗೆ ಕೋಟೆ ಕಡೆ ನಡಿಗೆ, ಬರುವಾಗ ಒಂದು ಅಂಗಡಿಯಲ್ಲಿ ನಿಂತು 'ಶಕ್ತಿ' ಪತ್ರಿಕೆ ಓದೋದು. ಮನೆಗೂ ಬರುತ್ತೆ, ಆದರೂ ಅಲ್ಲಿ ನಿಂತು ಓದಬೇಕು. ನಮ್ಮ ವಯಸ್ಸಿನವರು ಮೊದಲು ತೆರೆಯೋದು ನಿಧನದ ಪುಟ. ಯಾರು, ಯಾವ ಮನೆತನ, ಮಣ್ಣು ಎಷ್ಟು ಗಂಟೆಗೆ, ಯಾರ ಕಾರಿನಲ್ಲಿ ಜಾಗ ಇದೆ, ಎಲ್ಲ ಅಲ್ಲೇ ತೀರ್ಮಾನ ಆಗುತ್ತೆ. ಗುರುವಾರ ಯಾರದಾದರೂ ಮನೆಯಲ್ಲಿ ಇಸ್ಪೀಟು, 'ಇಪ್ಪತ್ತೆಂಟು' ಆಡ್ತೀವಿ. ದುಡ್ಡಿಲ್ಲ, ಜಗಳ ಮಾತ್ರ ಪೂರ್ತಿ ಇರುತ್ತೆ.

ಶುಕ್ರವಾರ ಸಂತೆ. ನಾನು ಬರೆಯೋಕೆ ಕೂತಿದ್ದೇ ಅದಕ್ಕೆ. ಕೊಡಗಿನಲ್ಲಿ ಮನೆಗಳು ಬಯಲುಸೀಮೆಯ ಹಾಗೆ ಬೀದಿಗೆ ಅಂಟಿಕೊಂಡಿರಲ್ಲ. ಒಂದೊಂದು ಮನೆ ಒಂದೊಂದು ತೋಟದ ಒಳಗೆ. ಪಕ್ಕದ ಮನೆಗೆ ಹೋಗಬೇಕಾದ್ರೂ ಗದ್ದೆ ದಾಟಿ, ದಿಣ್ಣೆ ಹತ್ತಿ, ನಾಯಿಗೆ ಸಮಾಧಾನ ಹೇಳಿ ಹೋಗಬೇಕು. ಹಾಗಾಗಿ ಜನ ಒಬ್ಬರಿಗೊಬ್ಬರು ಸಿಗೋದು ಸಂತೆಯಲ್ಲೇ. ಮೂರ್ನಾಡು, ನಾಪೋಕ್ಲು, ಭಾಗಮಂಡಲ, ಮಕ್ಕಂದೂರು ಕಡೆಯಿಂದ ಬೆಳಗಿನ ಬಸ್ಸಿಗೆ ಬರ್ತಾರೆ. ಸಾಮಾನು ಕೊಳ್ಳೋದು ಅರ್ಧ ಗಂಟೆ, ಮಾತು ಎರಡು ಗಂಟೆ. ಮದುವೆ ಕಾಗದ ಕೂಡ ಅಲ್ಲೇ ಕೊಡೋರಿದ್ದಾರೆ. "ಮನೆಗೆ ಬಂದೇ ಕೊಡಬೇಕಿತ್ತು, ಬೇಜಾರು ಮಾಡ್ಕೋಬೇಡಿ" ಅಂತ ಒಂದು ಮಾತು ಸೇರಿಸಿದರೆ ಆಯ್ತು. ಮೇ ತಿಂಗಳಲ್ಲಿ ಮಳೆಗಾಲಕ್ಕೆ ಒಣಮೀನು ಕೊಳ್ಳೋಕೆ ನಿಂತವರ ಹತ್ತಿರ ಅರ್ಧ ಜಿಲ್ಲೆಯ ಸುದ್ದಿ ಸಿಗುತ್ತೆ. ಮಳೆಗಾಲದಲ್ಲಿ ಕಣಿಲೆ, ಅಣಬೆ, ಬೆಣ್ಣೆಹಣ್ಣು. ಈಗ ನವೆಂಬರಿನಲ್ಲಿ ಕಿತ್ತಳೆ ಶುರು. ನನ್ನವಳು ತರಕಾರಿ ಆರಿಸುವಷ್ಟರಲ್ಲಿ ನಾನು ನಾಲ್ಕು ಜನರಿಗೆ ಜೀವನ ಪ್ರಮಾಣಪತ್ರದ (ಪೆನ್ಷನ್ ನಿಲ್ಲದಿರೋಕೆ ನವೆಂಬರಿನಲ್ಲಿ ಬದುಕಿದ್ದೀವಿ ಅಂತ ಕೊಡೋದು) ವಿಷಯ ಹೇಳಿರ್ತೀನಿ. ಹಳೇ ನೌಕರಿ ಬಿಟ್ಟು ಹೋಗಲ್ಲ.

ನಿಮ್ಮೂರಲ್ಲಿ ಹೇಗೆ?

---

ಬಿಪಿ ಅಕ್ಕ (ಸೋಮವಾರಪೇಟೆ), ಭಾನುವಾರ ಮಧ್ಯಾಹ್ನ

ಅಣ್ಣಾ, ನಮ್ಮಲ್ಲಿ ಸಂತೆ ಸೋಮವಾರ. ಊರಿನ ಹೆಸರೇ ಹೇಳುತ್ತಲ್ಲ. ಶನಿವಾರಸಂತೆಗೆ ಶನಿವಾರ ಹೋಗೋ ನೆಂಟರಿದ್ದಾರೆ, ನನಗೆ ಅಷ್ಟು ಓಡಾಡೋಕೆ ಮಂಡಿ ಬಿಡಲ್ಲ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ನಿವೃತ್ತಿಯಾದ ಮೊದಲ ವಾರವೇ ಪಕ್ಕದ ಮನೆ ಅಜ್ಜಿ "ಒಂಚೂರು ಬಿಪಿ ನೋಡ್ತೀಯಾ ಮಗಾ" ಅಂತ ಬಂದರು. ಆಮೇಲೆ ಅವರ ತಂಗಿ, ತಂಗಿಯ ಗಂಡ, ಅವರ ತೋಟದ ಲೆಕ್ಕ ಬರೆಯೋ ರೈಟರು. ಈಗ ಮಂಗಳವಾರ ಬೆಳಿಗ್ಗೆ ನಮ್ಮ ಜಗಲಿ ಓಪಿಡಿ ಆಗಿಬಿಟ್ಟಿದೆ. ನಾನು ಔಷಧಿ ಹೇಳಲ್ಲ. ಅಳೆದು ಚೀಟಿಯಲ್ಲಿ ಬರೆದುಕೊಡ್ತೀನಿ, ಹೆಚ್ಚಿದ್ದರೆ ಡಾಕ್ಟರ ಹತ್ತಿರ ಕಳಿಸ್ತೀನಿ. ಬಂದ ತಕ್ಷಣ ಅಳೆಯೋದೂ ಇಲ್ಲ. ದಿಣ್ಣೆ ಹತ್ತಿ ಬಂದವರಿಗೆ ಹೆಚ್ಚೇ ತೋರಿಸುತ್ತೆ, ಐದು ನಿಮಿಷ ಮಾತಾಡದೆ ಕೂರಬೇಕು. ನಮ್ಮೂರಿನವರಿಗೆ ಸಕ್ಕರೆ ಬಿಡೋದಕ್ಕಿಂತ ಕಷ್ಟ ಅದು.

ಅವರು ಬರೋದು ಬಿಪಿಗಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಮಕ್ಕಳು ಬೆಂಗಳೂರು, ದುಬೈ. ವಾರಕ್ಕೆ ಒಂದು ಸಲ ಯಾರಾದರೂ ಕೈ ಹಿಡಿದು ನೋಡಿದರೆ ಸಾಕು. ಬರುವಾಗ ಯಾರೂ ಬರಿಗೈಲಿ ಬರಲ್ಲ. ಒಂದು ಚಿಪ್ಪು ಬಾಳೆಹಣ್ಣು, ನಾಲ್ಕು ಕೆಸದೆಲೆ, ಗಾಂಧಾರಿ ಮೆಣಸು. ಹೋದ ವಾರ ಒಬ್ಬರು ಕೋಳಿನೇ ತಂದ್ರು, ಅದು ಹಿತ್ತಲಲ್ಲಿ ಆರಾಮಾಗಿದೆ, ಕೊಯ್ಯೋಕೆ ಮನಸ್ಸು ಬಂದಿಲ್ಲ.

---

ಬೆಂಗಳೂರು ಬಾಡಿಗೆ, ಭಾನುವಾರ ಸಂಜೆ

ಓದಿ ಖುಷಿ ಆಯ್ತು. ನಾವು ಗಂಡ ಹೆಂಡತಿ ಇಬ್ಬರೇ, ಮುಂದಿನ ವರ್ಷ ನನ್ನ ನಿವೃತ್ತಿ. ಮಡಿಕೇರಿಯಿಂದ ಸ್ವಲ್ಪ ಒಳಗೆ, ಬೆಟ್ಟದ ತುದಿಯಲ್ಲಿ ಒಂದು ವಿಲ್ಲಾ ನೋಡಿದ್ದೀವಿ. ಸುತ್ತ ಕಾಫಿ ತೋಟ, ಎದುರಿಗೆ ಕಣಿವೆ, ಒಂದು ಸದ್ದಿಲ್ಲ. ಇಲ್ಲಿನ ಗಲಾಟೆಯಿಂದ ಬಿಡುಗಡೆ ಸಿಕ್ಕರೆ ಸಾಕು ಅನಿಸಿದೆ. ಸ್ಥಳೀಯರ ಅಭಿಪ್ರಾಯ ಏನು?

---

ಕರಿಮೆಣಸು (ಸಿದ್ದಾಪುರದ ಹತ್ತಿರ), ಭಾನುವಾರ ರಾತ್ರಿ

ಸಾರ್, ನೇರ ಹೇಳ್ತೀನಿ. ಕಣಿವೆ ನೋಡಿ ಮನೆ ತಗೋಬೇಡಿ, ಬಸ್‌ಸ್ಟಾಪ್ ನೋಡಿ ತಗೊಳ್ಳಿ.

ನಾನು ತೋಟದ ಮನೆಯಲ್ಲೇ ಹುಟ್ಟಿ ಬೆಳೆದವನು. ನಮ್ಮ ಕಡೆ ಸಂಜೆ ಆರರ ಮೇಲೆ ಗೇಟು ದಾಟಲ್ಲ, ಆನೆ. ಯಾವ ತೋಟದಲ್ಲಿ ಹಿಂಡು ಇದೆ ಅಂತ ವಾಟ್ಸಾಪಿನಲ್ಲಿ ಬರ್ತಾ ಇರುತ್ತೆ, ಅದನ್ನು ನೋಡಿಕೊಂಡೇ ಬೆಳಿಗ್ಗೆ ಕಾರ್ಮಿಕರನ್ನು ಕೆಲಸಕ್ಕೆ ಬಿಡೋದು. ಹಲಸು ಹಣ್ಣಾದಾಗ ಅಂಗಳಕ್ಕೇ ಬರುತ್ತೆ. ಊಟ ಆದ ಮೇಲೆ ಒಂದು ಸುತ್ತು ವಾಕಿಂಗ್ ಅನ್ನೋದು ನಮಗೆ ಸಿನಿಮಾದಲ್ಲಿ ಮಾತ್ರ. ನೀವು ನೋಡಿದ ಬೆಟ್ಟದಲ್ಲಿ ಆನೆ ಇಲ್ಲದಿರಬಹುದು. ಆದರೆ ಸದ್ದಿಲ್ಲ ಅಂದ್ರಲ್ಲ, ಆ ಸದ್ದಿಲ್ಲದ್ದು ಜುಲೈಯಲ್ಲಿ ಹೇಗಿರುತ್ತೆ ಅಂತ ಯೋಚಿಸಿ. ಕರೆಂಟು ಹೋಗುತ್ತೆ, ಅದರ ಹಿಂದೆ ಮೊಬೈಲ್ ಸಿಗ್ನಲ್ ಹೋಗುತ್ತೆ, ದಾರಿಗೆ ಮರ ಬೀಳುತ್ತೆ. ನಮಗೆ ಅಭ್ಯಾಸ. ಮರ ಕೊಯ್ಯೋ ಮೆಷಿನ್ನು ಮನೆಯಲ್ಲೇ ಇದೆ, ಹುಡುಗರೂ ಇದ್ದಾರೆ.

ನನ್ನ ವಾರ ಕೇಳಿದರೆ, ತೋಟ ಇದ್ದವನಿಗೆ ನಿವೃತ್ತಿ ಎಲ್ಲಿ ಸ್ವಾಮಿ? ಈಗ ಅರೇಬಿಕಾ ಕುಯ್ಲು ಶುರುವಾಗಿದೆ, ಜನವರಿಗೆ ರೊಬಸ್ಟಾ. ಕಣದಲ್ಲಿ ಹಣ್ಣು ಹರಡಿದ ಮೇಲೆ ಆಕಾಶ ನೋಡಿಕೊಂಡು ಇರಬೇಕು. ಮೋಡ ಕವಿದರೆ ನೆಂಟರ ಮದುವೆಯೂ ಬೇಡ, ಏನೂ ಬೇಡ. ನಮ್ಮ ಸಂಗ ಅಂದ್ರೆ ಫೋನು. ಬೆಳಿಗ್ಗೆ ಮಳೆ ಮಾಪಕ ನೋಡಿ "ನಿಮ್ಮಲ್ಲಿ ಎಷ್ಟು?" ಅಂತ ಕೇಳೋದರಿಂದ ದಿನ ಶುರು. ಇಂಚು, ಸೆಂಟಿನ ಲೆಕ್ಕ, ನೂರು ಸೆಂಟಿಗೆ ಒಂದಿಂಚು. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವು ಅರಳಿಸೋ ಹೂಮಳೆ ನನಗೆ 80 ಸೆಂಟ್ ಬಿದ್ದು ಭಾವನಿಗೆ 30 ಬಿದ್ದರೆ ಅವನು ಎರಡು ದಿನ ಫೋನ್ ಎತ್ತಲ್ಲ.

---

ಹವಾಲ್ದಾರ್ (ವಿರಾಜಪೇಟೆ), ಸೋಮವಾರ ಬೆಳಿಗ್ಗೆ

ಕರಿಮೆಣಸು ಹೇಳಿದ್ದು ಸರಿ. ನಾನು ಸೇನೆಯಲ್ಲಿದ್ದಾಗ ಇಡೀ ದೇಶ ಸುತ್ತಿ, ವಾಪಸ್ ಬಂದು ಪೇಟೆಯಲ್ಲೇ ಮನೆ ಮಾಡಿದೆ. ತಮ್ಮ ಬೈದ, "ಹಿರಿಯರ ಕಾಲದ ಅಷ್ಟು ದೊಡ್ಡ ಐನ್‌ಮನೆ ಇಟ್ಕೊಂಡು ಪೇಟೆಯಲ್ಲಿ ಹಂಚಿನ ಗೂಡು ಯಾಕೆ" ಅಂತ. ಈಗ ಅವನೇ ವಾರಕ್ಕೆ ಮೂರು ಸಲ ನಮ್ಮಲ್ಲಿಗೆ ಬಂದು ಕೂರ್ತಾನೆ.

ನಮ್ಮ ಕೂಟ ಮಿಲಿಟರಿ ಕ್ಯಾಂಟೀನಿನಲ್ಲಿ. ಸಾಮಾನು ತಿಂಗಳಿಗೊಮ್ಮೆ, ಆದರೆ ಟೋಕನ್ ಹಿಡಿದು ಬೆಂಚಿನ ಮೇಲೆ ಕೂತಾಗ ಯಾವ ರೆಜಿಮೆಂಟು, ಯಾವ ಬೆಟಾಲಿಯನ್ನು, ಯಾರು ಉಳಿದಿದ್ದಾರೆ ಎಲ್ಲ ಲೆಕ್ಕ ಆಗುತ್ತೆ. ಮಾಜಿ ಸೈನಿಕರ ಇಸಿಎಚ್‌ಎಸ್‌ ಕ್ಲಿನಿಕ್ಕಿನಲ್ಲಿ ಅದೇ ಮುಖಗಳು ಮತ್ತೆ ಸಿಗ್ತವೆ, ಅಲ್ಲಿ ಮಾತು ಸ್ವಲ್ಪ ಮೆಲ್ಲಗೆ.

ಏಪ್ರಿಲ್, ಮೇ ಬಂದರೆ ಬೇರೆ ಯಾವ ಕಾರ್ಯಕ್ರಮವೂ ಇಲ್ಲ, ಹಾಕಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಪಂದ್ಯಾವಳಿ 2025ರಲ್ಲಿ ಮಡಿಕೇರಿಯಲ್ಲಿ ನಡೆದಾಗ 396 ತಂಡ. ಬೆಳಗಿನ ಪಂದ್ಯಕ್ಕೆ ಹೋದರೆ ಕತ್ತಲಾಗೋವರೆಗೆ ಗ್ಯಾಲರಿಯಲ್ಲೇ. ಹದಿನಾರರ ಹುಡುಗನ ಜೊತೆ ಅವನ ಅತ್ತೆ, ಅಜ್ಜ ಒಂದೇ ತಂಡದಲ್ಲಿ ಆಡ್ತಾರೆ. ನನಗೆ ಮಂಡಿ ಹೋಗಿದೆ, ಗ್ಯಾಲರಿಯಿಂದ ಅಂಪೈರಿಗೆ ಬುದ್ಧಿ ಹೇಳೋದು ಬಿಟ್ಟಿಲ್ಲ.

ನೆಂಟರು ಬಂದರೆ ರಾಜಾಸೀಟಿಗೆ ಕರ್ಕೊಂಡು ಹೋಗಲ್ಲ. ಮಡಿಕೇರಿಯಲ್ಲಿ ಸನ್ನಿಸೈಡ್‌ಗೆ ಹೋಗ್ತೀವಿ. ಜನರಲ್ ತಿಮ್ಮಯ್ಯನವರು ಹುಟ್ಟಿದ ಮನೆ, 2021ರಲ್ಲಿ ಮ್ಯೂಸಿಯಂ ಆಯ್ತು. ಸ್ಕೂಲ್ ಮಕ್ಕಳು ಬಂದಿದ್ದರೆ ನಾನು ಸುಮ್ಮನೆ ಹಿಂದೆ ನಿಲ್ತೀನಿ. ಯಾವನಾದರೂ ಟ್ಯಾಂಕ್ ಬಗ್ಗೆ ಕೇಳಿದನೋ, ಆಮೇಲೆ ನನ್ನನ್ನು ಹೊರಡಿಸೋದು ಹೆಂಡತಿಯಿಂದಲೂ ಆಗಲ್ಲ.

---

ಕಾವೇರಿ ದಡ (ಕುಶಾಲನಗರ), ಸೋಮವಾರ ಮಧ್ಯಾಹ್ನ

ಬೆಂಗಳೂರಿನ ಸಾರ್‌ಗೆ: ಕುಶಾಲನಗರವನ್ನೂ ಒಮ್ಮೆ ನೋಡಿ. ನಾವು ಮಡಿಕೇರಿ ಕಡೆಯವರೇ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ನಮ್ಮ ಮನೆಗೆ ಏನೂ ಆಗಲಿಲ್ಲ, ಆದರೆ ಆಮೇಲೆ ಜೋರು ಮಳೆ ಬಂದ ರಾತ್ರಿಯೆಲ್ಲ ಅಮ್ಮ ಎದ್ದು ಕೂರ್ತಿದ್ದರು. ಅದಕ್ಕೇ ಕೆಳಗೆ ಬಂದೆವು. ಮಡಿಕೇರಿಯ ನೂರಿಂಚು ಮಳೆ ಇಲ್ಲಿಲ್ಲ. ನೆಲ ಸಮ, ವಯಸ್ಸಾದವರು ಕೋಲು ಹಿಡಿದು ಅಂಗಡಿಗೆ ಹೋಗಿ ಬರಬಹುದು. ಮಂಗಳವಾರ ಸಂತೆ. ಮೈಸೂರಿಗೆ ಬಸ್ಸು ಸಲೀಸು, ಹೃದಯದ ಡಾಕ್ಟರ್ ಅಂದ್ರೆ ನಮಗೆಲ್ಲ ಕೊನೆಗೆ ಮೈಸೂರೇ ತಾನೆ.

ಬೇಸಿಗೆಯಲ್ಲಿ ಸೆಖೆ, ಫ್ಯಾನ್ ಬೇಕು. ಮಡಿಕೇರಿಯವರು ಇದನ್ನೇ ಹಿಡ್ಕೊಂಡು ಅಣಕಿಸ್ತಾರೆ.

---

ಸಂತೆಚೀಲ, ಸೋಮವಾರ ರಾತ್ರಿ

ಅಣಕಿಸ್ತೀವಿ, ಬಿಡಲ್ಲ. ಫ್ಯಾನ್ ಹಾಕಿಕೊಂಡು ಮಲಗೋದಾದ್ರೆ ಕೊಡಗು ಯಾಕೆ ಅಂತ.

ತಮಾಷೆ ಬಿಡಿ, ಇಳಿಜಾರಿನ ಮಾತು ನಿಜ. ಮಡಿಕೇರಿಯಲ್ಲಿ ಎಲ್ಲಿಗೆ ಹೋದರೂ ಒಂದು ಹತ್ತಬೇಕು, ಒಂದು ಇಳೀಬೇಕು. ಓಂಕಾರೇಶ್ವರ ದೇವಸ್ಥಾನಕ್ಕೆ ಇಳಿದು ಹೋದ ನಮ್ಮ ಗೆಳೆಯರು ವಾಪಸ್ ಆಟೋದಲ್ಲಿ ಬರ್ತಾರೆ. ಆದರೆ ದಸರಾ ರಾತ್ರಿ ನಾಲ್ಕು ಕರಗ, ಹತ್ತು ಮಂಟಪ ಹೊರಟಾಗ ಇದೇ ಗೆಳೆಯರು ಮಂಡಿನೋವು ಮರೆತು ಬೆಳಗಿನ ಜಾವದವರೆಗೆ ನಿಂತಿರ್ತಾರೆ. ಈ ಮಂಡಿಯ ಶಾಸ್ತ್ರ ನನಗೆ ಅರ್ಥ ಆಗಿಲ್ಲ, ಬಿಪಿ ಅಕ್ಕ ಹೇಳಬೇಕು.

---

ಟೀಚರಮ್ಮ (ಗೋಣಿಕೊಪ್ಪ), ಮಂಗಳವಾರ ಬೆಳಿಗ್ಗೆ

ಎಲ್ಲರೂ ಜೋಡಿಯಾಗಿರೋರ ಕತೆ ಬರೆದಿದ್ದೀರಿ. ನಾನು ಒಬ್ಬಳೇ ಇರೋಳು, ನನ್ನದೂ ಕೇಳಿ.

ಯಜಮಾನರು ಹೋದ ಮೇಲೆ ಮಗ ಕರೆದ. ಬೆಂಗಳೂರಿನಲ್ಲಿ ಒಂದು ಮಳೆಗಾಲ ಇದ್ದೆ. ಹನ್ನೊಂದನೇ ಮಹಡಿ, ಸೊಸೆ ಒಳ್ಳೆಯವಳು, ಊಟ ತಿಂಡಿಗೆ ಕೊರತೆ ಇಲ್ಲ. ಲಿಫ್ಟಿನಲ್ಲಿ ಎಲ್ಲರೂ ನಗ್ತಾರೆ, ಯಾರೂ "ಯಾವ ಊರು, ಯಾರ ಮನೆ" ಅಂತ ಕೇಳಲ್ಲ. ಇಲ್ಲಿ ಬಸ್ಸು ಹತ್ತಿದರೆ ಸೀಟು ಸಿಗೋ ಮುಂಚೆ ಆ ಪ್ರಶ್ನೆ ಬರುತ್ತೆ. ಹೇಳಿದರೆ ನಮ್ಮ ತಾಯಿಯ ತವರಿನವರೆಗೆ ಹೋಗಿ ಏನಾದರೂ ನೆಂಟಸ್ತಿಕೆ ಹುಡುಕಿಬಿಡ್ತಾರೆ.

ಬಸ್ಸಿನ ವಿಷಯ ಗಂಡಸರು ಯಾರೂ ಸರಿಯಾಗಿ ಹೇಳಲಿಲ್ಲ. ಶಕ್ತಿ ಯೋಜನೆ ಬಂದಿದ್ದು 2023ರ ಜೂನಿನಲ್ಲಿ, ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಮಗೆ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಊರೊಳಗೆ ಓಡೋದು ಬಹಳಷ್ಟು ಖಾಸಗಿ ಬಸ್ಸು, ಅಲ್ಲಿ ದುಡ್ಡು ಕೊಡಲೇಬೇಕು. ರೈಲಂತೂ ಜಿಲ್ಲೆಯಲ್ಲೇ ಇಲ್ಲ. ಹಾಗಾಗಿ ಮೈಸೂರಿಗೆ ಬಿಟ್ಟಿ, ಪಕ್ಕದ ಊರಿಗೆ ದುಡ್ಡು! ನಾವು ನಾಲ್ಕು ಜನ ನಿವೃತ್ತ ಟೀಚರುಗಳು ತಿಂಗಳಿಗೊಮ್ಮೆ ಸರ್ಕಾರಿ ಬಸ್ಸಿನಲ್ಲಿ ಮೈಸೂರಿಗೆ ಹೋಗಿ, ದೇವರಾಜ ಮಾರುಕಟ್ಟೆ ಸುತ್ತಿ, ಊಟ ಮಾಡಿ ವಾಪಸ್ ಬರ್ತೀವಿ. ಕೊಳ್ಳೋದು ಹೂವು ಮಾತ್ರ.

ಭಾನುವಾರ ಗೋಣಿಕೊಪ್ಪ ಸಂತೆ. ಹಳೇ ವಿದ್ಯಾರ್ಥಿಗಳು ಈಗ ಅಂಗಡಿ ಇಟ್ಟಿದ್ದಾರೆ. ಲೆಕ್ಕದಲ್ಲಿ ಸೊನ್ನೆ ತೆಗೀತಿದ್ದವನು ನನಗೇ ಚಿಲ್ಲರೆ ಲೆಕ್ಕ ಹೇಳ್ತಾನೆ. ಉಳಿದ ದಿನ ಅಡುಗೆಮನೆಯಲ್ಲಿ ಮಡಿಕೇರಿ ಆಕಾಶವಾಣಿ ಹಚ್ಚಿಡ್ತೀನಿ. ಕೊಡವ ತಕ್ಕ್, ಅರೆಭಾಷೆ, ಕನ್ನಡ ಎಲ್ಲ ಬರುತ್ತೆ, ಮನೆಯಲ್ಲಿ ಜನ ಇದ್ದ ಹಾಗೆ ಇರುತ್ತೆ.

ಬೆಂಗಳೂರಿನ ಸಾರ್, ನಿಮ್ಮ ಮನೆಯವರನ್ನು ಕೇಳಿದ್ದೀರಾ? ಬೆಟ್ಟದ ತುದಿಯ ಮನೆಯಲ್ಲಿ ಕಾರು ಓಡಿಸೋದು ನೀವೊಬ್ಬರೇ ಆದರೆ, ಅವರು ಹೊರಗೆ ಹೋಗೋಕೆ ಪ್ರತಿ ಸಲ ನಿಮ್ಮನ್ನು ಕೇಳಬೇಕು.

---

ಬೆಂಗಳೂರು ಬಾಡಿಗೆ, ಮಂಗಳವಾರ ಸಂಜೆ

ಟೀಚರ್, ನಿಮ್ಮ ಕೊನೆಯ ಸಾಲನ್ನು ಮನೆಯಲ್ಲಿ ಓದಿದೆ. ನನ್ನ ಹೆಂಡತಿ "ಇವರ ಫೋನ್ ನಂಬರ್ ತಗೊಳ್ಳಿ" ಅಂದಳು. ವಿಲ್ಲಾದ ಮುಂಗಡ ಸದ್ಯಕ್ಕೆ ತಡೆಹಿಡಿದಿದ್ದೀವಿ.

ಒಂದು ಅನುಮಾನ. ನಾವು ಹೊರಗಿನವರು, ಕೊಡವರೂ ಅಲ್ಲ, ಗೌಡರೂ ಅಲ್ಲ. ಸಂತೆಯಲ್ಲಿ ಮಾತು, ಮದುವೆ, ಹುತ್ತರಿ ಹಬ್ಬ ಇದೆಲ್ಲ ನಿಮಗೆ ಹುಟ್ಟಿನಿಂದ ಬಂದಿದ್ದು. ನಮ್ಮನ್ನು ಯಾರು ಸೇರಿಸ್ಕೋತಾರೆ?

---

ಹವಾಲ್ದಾರ್, ಮಂಗಳವಾರ ರಾತ್ರಿ

ಸಾವಿಗೆ ಹೋಗಿ ಸಾರ್. ಮದುವೆಗೆ ಕರೆದರೆ ಮಾತ್ರ ಹೋಗೋದು, ಸಾವಿಗೆ ಕರೆಯೋ ಪದ್ಧತಿ ಇಲ್ಲ. ಪಕ್ಕದ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹೋಗಿ ಒಂದು ಗಂಟೆ ನಿಂತು ಬನ್ನಿ, ಏನೂ ಮಾತಾಡಬೇಡಿ. ಮುಂದಿನ ಹುತ್ತರಿಗೆ ಆ ಮನೆಯಿಂದ ತಂಬುಟ್ಟು ಬರುತ್ತೆ.

---

ಬಿಪಿ ಅಕ್ಕ, ಬುಧವಾರ ಬೆಳಿಗ್ಗೆ

ಹವಾಲ್ದಾರ್ ಮಾವ ಹೇಳಿದ್ದು ಹೌದು, ಆದರೆ ಎಲ್ಲ ಕಡೆ ಅಷ್ಟು ಸಲೀಸಲ್ಲ. ನಮ್ಮಲ್ಲಿ ಬಂದು ನೆಲೆಸಿದ ಒಂದು ಕುಟುಂಬ ಮೊದಲ ದಿನವೇ ಎತ್ತರದ ಕಾಂಪೌಂಡು, ಕ್ಯಾಮೆರಾ ಹಾಕಿಸ್ತು. ದಾರಿಯಲ್ಲಿ ಹೋಗೋರು ಕೂಗಿ ಮಾತಾಡಿಸೋಕೂ ಆಗಲ್ಲ. ಎಷ್ಟೋ ವರ್ಷ ಆದರೂ ಅವರ ಹೆಸರು ಊರಿಗೆ ಗೊತ್ತಿಲ್ಲ, "ಕ್ಯಾಮೆರಾ ಮನೆಯವರು" ಅಂತಾರೆ. ಇನ್ನೊಬ್ಬರು ಬ್ಯಾಂಕಿನಿಂದ ನಿವೃತ್ತರು, ಜಗಲಿಯಲ್ಲಿ ಕೂತು ಅಕ್ಕಪಕ್ಕದವರಿಗೆ ಅರ್ಜಿ ಬರೆದುಕೊಡೋಕೆ ಶುರು ಮಾಡಿದ್ರು. ಈಗ ಪಂಚಾಯ್ತಿಯ ಎಲ್ಲ ಸಭೆಗೂ ಅವರು ಬೇಕು, ಪಾಪ, ತಪ್ಪಿಸಿಕೊಳ್ಳೋಕೆ ಮೈಸೂರಿಗೆ ಹೋಗ್ತಾರೆ.

ಸಂತೆಚೀಲ ಅಣ್ಣಾ, ಮಂಡಿ ಶಾಸ್ತ್ರ ನನಗೂ ಗೊತ್ತಿಲ್ಲ. ಬೇರೆ ಒಂದು ಕೇಳಬೇಕಿತ್ತು. ನಮ್ಮ ಜಗಲಿಗೆ ಬರೋ ಅಜ್ಜ ಒಬ್ಬರಿಗೆ 82, ಜೀವನ ಪ್ರಮಾಣಕ್ಕೆ ಬೆರಳಚ್ಚು ಹಿಡೀತಿಲ್ಲ. ಪೇಟೆಗೆ ಕರ್ಕೊಂಡು ಹೋಗೋರೂ ಇಲ್ಲ.

---

ಸಂತೆಚೀಲ, ಬುಧವಾರ ಮಧ್ಯಾಹ್ನ

ತೋಟದಲ್ಲಿ ದುಡಿದ ಕೈ, ಬೆರಳು ಸವೆದಿರುತ್ತೆ ಅಕ್ಕ. ಮುಖ ತೋರಿಸಿ ಮಾಡೋ ವಿಧಾನ ಇದೆ, ಒಳ್ಳೆ ಕ್ಯಾಮೆರಾ ಇರೋ ಆಂಡ್ರಾಯ್ಡ್ ಫೋನು, ಆಧಾರ್ ನಂಬರ್, ಪಿಂಚಣಿ ಆದೇಶದ ಪಿಪಿಒ ನಂಬರ್ ಬೇಕು. ಜಗಲಿಯ ಬೆಳಕಿನಲ್ಲಿ ಕೂರಿಸಿ, ಒಳಗೆ ಕತ್ತಲಲ್ಲಿ ಹಿಡಿಯಲ್ಲ. ಕಣ್ಣು ಮಿಟುಕಿಸಿ ಅಂದಾಗ ಮಿಟುಕಿಸಬೇಕು, ಅಜ್ಜಂದಿರು ದಿಟ್ಟಿಸಿಕೊಂಡೇ ಇರ್ತಾರೆ. ಆಗದಿದ್ದರೆ ಪೋಸ್ಟ್‌ಮ್ಯಾನಿಗೆ ಹೇಳಿ, ಅಂಚೆ ಪಾವತಿ ಬ್ಯಾಂಕಿನ ಕಡೆಯಿಂದ ಮನೆಗೇ ಬಂದು ಮಾಡಿಕೊಡ್ತಾರೆ, ಸ್ವಲ್ಪ ಶುಲ್ಕ ಇರಬಹುದು. ಕೇಂದ್ರದ ಪಿಂಚಣಿ ಆದರೆ 80 ದಾಟಿದವರಿಗೆ ಅಕ್ಟೋಬರ್ ಒಂದರಿಂದಲೇ ಅವಕಾಶ ಇರುತ್ತೆ, ಮುಂದಿನ ವರ್ಷ ಮೊದಲೇ ಮುಗಿಸಿ. ಪಿಎಫ್ ಪಿಂಚಣಿಯಾದರೆ ನವೆಂಬರಿನ ಕಟ್ಟು ಇಲ್ಲ, ಯಾವಾಗ ಕೊಟ್ಟರೂ ಅಲ್ಲಿಂದ ಒಂದು ವರ್ಷ ನಡೆಯುತ್ತೆ.

---

ಹವಾಲ್ದಾರ್, ಬುಧವಾರ ಸಂಜೆ

ಮಾಜಿ ಸೈನಿಕರದು ಸೇನೆ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ 'ಸ್ಪರ್ಶ್'ನಲ್ಲಿ ಅಂತ ಸೇರಿಸಿ. ನಮ್ಮವರು ಬ್ಯಾಂಕಿನಲ್ಲಿ ಹೋಗಿ ಕ್ಯೂ ನಿಲ್ತಾರೆ. ಇವತ್ತು ನಮ್ಮ ಸಂತೆ, ಮೂರು ಜನರಿಗೆ ಹೇಳಿ ಬಂದೆ.

---

ಬೆಂಗಳೂರು ಬಾಡಿಗೆ, ಗುರುವಾರ ಬೆಳಿಗ್ಗೆ

ನಾವಿಬ್ಬರೂ ಕೂತು ಮಾತಾಡಿದ್ವಿ. ಕೊಳ್ಳೋದು ಬೇಡ, ಮೊದಲು ಒಂದು ವರ್ಷ ಪೇಟೆಯಲ್ಲೇ ಬಾಡಿಗೆಗೆ ಇದ್ದು ನೋಡೋಣ ಅಂತ. ಮಾರ್ಚಿನಲ್ಲಿ ಬರಬಹುದಾ? ಮನೆ ನೋಡುವಾಗ ಏನು ಗಮನಿಸಬೇಕು?

---

ಕರಿಮೆಣಸು, ಗುರುವಾರ ಮಧ್ಯಾಹ್ನ

ಮಾರ್ಚಿನಲ್ಲಿ ಬಂದರೆ ಎಲ್ಲ ಮನೆಯೂ ಚಂದ ಕಾಣುತ್ತೆ. ಜೂನ್ ಕೊನೆಗೆ ಬಂದು ನೋಡಿ, ಆಗ ಗೋಡೆ ನಿಜ ಹೇಳುತ್ತೆ. ಹಿಂದುಗಡೆ ಗುಡ್ಡದ ಬರೆ ಕಡಿದು ಕಟ್ಟಿದ ಮನೆ ಬೇಡ. ಬಟ್ಟೆ ಒಣಗಿಸೋಕೆ ಒಳಗೆ ಜಾಗ ಇದೆಯಾ, ಒಲೆ ಉರಿಸೋ ಅಡುಗೆಮನೆ ಇದೆಯಾ ನೋಡಿ. ಇನ್ವರ್ಟರ್ ಮನೆಯವರದ್ದಾ ನಿಮ್ಮದಾ ಅಂತ ಮೊದಲೇ ಮಾತಾಡಿಕೊಳ್ಳಿ.

---

ಟೀಚರಮ್ಮ, ಗುರುವಾರ ರಾತ್ರಿ

ಮನೆಯವರನ್ನೂ ಕರ್ಕೊಂಡು ಬನ್ನಿ ಸಾರ್. ಭಾನುವಾರ ಬಂದರೆ ಒಳ್ಳೆಯದು, ಮಡಿಕೇರಿ ಜಾಮಿಗೆ ಸಿಕ್ಕಬೇಡಿ, ಮೈಸೂರಿಂದ ಹುಣಸೂರು, ತಿತಿಮತಿ ಮೇಲೆ ಸೀದಾ ಗೋಣಿಕೊಪ್ಪಕ್ಕೆ ಬನ್ನಿ. ನಂಬರು ಖಾಸಗಿ ಸಂದೇಶದಲ್ಲಿ ಕಳಿಸಿದ್ದೀನಿ, ನಿಮಗಲ್ಲ, ಅವರಿಗೆ.